ಹರಿಯುವ ಹೊಳೆಯೂ ಕಟ್ಟಿದ ಹಗ್ಗವೂ

(ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 27ನೆಯ ಅಧ್ಯಾಯ, ಮತ್ತು 28ನೆಯ ಅಧ್ಯಾಯದ ಆರಂಭ)



ಪೌಲನ ಪ್ರಯಾಣಗಳ ವೃತ್ತಾಂತವನ್ನು ನೀವು ಅನೇಕಾವರ್ತಿ ಓದಿದ್ದೀರಿ. ಅವನು ಸೆರೆಯವನಾಗಿ ರೋಮಾಪುರಕ್ಕೆ ಹೋಗುವಾಗ ಹಡಗು ಬಿರುಗಾಳಿಗೆ ಸಿಕ್ಕಿ, ಹದಿನಾಲ್ಕು ರಾತ್ರಿ ಗೊತ್ತುಗುರಿಯಿಲ್ಲದೆ ತೇಲಿ, ಕಡೆಗೆ ಒಡೆದುಹೋದದ್ದನ್ನೂ, ಅದರಲ್ಲಿದ್ದ 276 ಮಂದಿಯಲ್ಲಿ ಒಬ್ಬನಾದರೂ ನಾಶವಾಗದೆ ಎಲ್ಲರೂ ಮೆಲೀತೆ ದ್ವೀಪದ ದಡವನ್ನು ಮುಟ್ಟಿದ್ದನ್ನೂ ನೀವು ಬಲ್ಲಿರಿ. ಈ ಅಧ್ಯಾಯಗಳನ್ನು ನಾವು ಸಭೆಗಳಲ್ಲಿ ಹಲವು ಸಾರಿ ವಿವರಿಸಿದ್ದೇವೆ. ತಾಳ್ಮೆಯ ವಿಷಯವಾಗಿಯೂ ದೇವರ ಮೇಲಣ ಭರವಸದ ವಿಷಯವಾಗಿಯೂ ಬಹು ಧೈರ್ಯದಿಂದ ಮಾತಾಡಿದ್ದೇವೆ. ಆದರೆ ಬೋಧಿಸುವದು ಒಂದು. ಬೋಧಿಸಿದ ಮಾತು ತನ್ನ ಮೇಲೆಯೇ ಬಂದಾಗ ನಿಲ್ಲುವದು ಇನ್ನೊಂದು. ಪರದೇಶದಲ್ಲಿ ಒಂಟಿಯಾಗಿ ಕಳೆದ ಒಂದು ಆದಿತ್ಯವಾರದಲ್ಲಿ ನಮ್ಮ ತಾಳ್ಮೆಯ ಅಳತೆ ಎಷ್ಟೆಂಬದು ನಮಗೆ ತಿಳಿದುಬಂತು. ಅಂದು ಬಿರುಗಾಳಿಯೂ ಬೀಸಲಿಲ್ಲ, ಹಡಗೂ ಒಡೆಯಲಿಲ್ಲ. ಬಂದವುಗಳೆಲ್ಲಾ ಸಣ್ಣ ತೊಂದರೆಗಳೇ. ಆದಾಗ್ಯೂ ನಾವು ಎಡವಿ ಬಿದ್ದೆವು. ಅದನ್ನು ಮರೆಮಾಡದೆ ನಿಮ್ಮ ಮುಂದೆ ಇಡುತ್ತೇವೆ.

ಸ್ವಿಸ್ ದೇಶದ ಬಾಸೆಲ್ ಪಟ್ಟಣದ ಹೆಸರು ನಮ್ಮ ಸಭೆಗಳ ಹಿರಿಯರಿಗೆ ಹೊಸದಲ್ಲ. 1815ರಲ್ಲಿ ಅಲ್ಲಿ ಸ್ಥಾಪಿತವಾದ ಮಿಶನ್ ಸಂಘವು 1834ರಲ್ಲಿ ಮೂವರು ಬೋಧಕರನ್ನು ಮಂಗಳೂರಿಗೆ ಕಳುಹಿಸಿತು. ಆ ಪಟ್ಟಣವನ್ನು ಒಂದು ಸಾರಿ ಕಣ್ಣಾರೆ ನೋಡಬೇಕೆಂಬ ಆಶೆ ನಮಗೆ ಬಹುಕಾಲದಿಂದ ಇತ್ತು. ಕೆಲವು ವರುಷಗಳ ಹಿಂದೆ ಆ ಸಂದರ್ಭ ಒದಗಿತು. ಜೊತೆಗೆ ಬರಬೇಕಾಗಿದ್ದ ಸ್ನೇಹಿತರು ಕಡೆಯ ಗಳಿಗೆಯಲ್ಲಿ ಬರಲಾರದೆ ಹೋದದ್ದರಿಂದ ನಾವು ಒಬ್ಬರೇ ಹೊರಟೆವು. ಜರ್ಮನಿಯ ಫ್ರೈಬುರ್ಗ್ ಎಂಬ ಊರಲ್ಲಿ ಇಳಿದುಕೊಂಡಿದ್ದೆವು. ಅಲ್ಲಿಂದ ಬಾಸೆಲಿಗೆ ವೇಗದ ರೈಲಿನಲ್ಲಿ ಒಂದು ತಾಸಿನ ದಾರಿಯೂ ಇಲ್ಲ. ಆದಿತ್ಯವಾರ ಬೆಳಿಗ್ಗೆ ಹತ್ತು ಗಂಟೆಯ ಆರಾಧನೆಗೆ ಬನ್ನಿರೆಂದು ಬಾಸೆಲಿನ ಒಬ್ಬ ವೃದ್ಧ ದಂಪತಿಗಳು ನಮ್ಮನ್ನು ಕರೆದಿದ್ದರು. ನಿಲ್ದಾಣದಲ್ಲಿ ಕಾದಿರುವೆವು ಎಂದೂ ತಿಳಿಸಿದ್ದರು.

ಹಿಂದಿನ ರಾತ್ರಿ ನಮ್ಮ ಚಾರ್ಜರಿನ ಮೂರು ಮುಳ್ಳುಗಳು ಅಲ್ಲಿಯ ಗೋಡೆಯ ಎರಡು ರಂಧ್ರಗಳಿಗೆ ಸೇರಲಿಲ್ಲ. ಆದದರಿಂದ ಮೊಬೈಲು ಫೋನು ಬೆಳಗಾಗುವಷ್ಟರಲ್ಲಿ ಸತ್ತುಹೋಗಿತ್ತು. ಇರಲಿ, ಕೈಗಡಿಯಾರವುಂಟಲ್ಲಾ ಎಂದು ಅದನ್ನೇ ನಂಬಿ ಎದ್ದೆವು. ಪ್ರಾರ್ಥನೆಯನ್ನೂ ಉಪಾಹಾರವನ್ನೂ ನಿಧಾನವಾಗಿ ಮುಗಿಸಿ ನಿಲ್ದಾಣಕ್ಕೆ ಹೋದೆವು. ಅಲ್ಲಿಯ ದೊಡ್ಡ ಗಡಿಯಾರವು ನಮ್ಮದಕ್ಕಿಂತ ಒಂದು ತಾಸು ಮುಂದಿತ್ತು. ಅದು ಕೆಟ್ಟಿದೆ ಎಂದು ಮೊದಲು ನೆನಸಿದೆವು. ಆದರೆ ಕೆಟ್ಟದ್ದು ಅದಲ್ಲ. ಯೂರೋಪಿನ ದೇಶಗಳಲ್ಲಿ ಮಾರ್ಚ್ ತಿಂಗಳ ಕೊನೆಯ ಆದಿತ್ಯವಾರದ ನಸುಕಿನಲ್ಲಿ ಗಡಿಯಾರಗಳನ್ನು ಒಂದು ತಾಸು ಮುಂದಕ್ಕೆ ಇಡುವ ಪದ್ಧತಿಯುಂಟು. ಅಕ್ಟೋಬರ್ ತಿಂಗಳ ಕೊನೆಯ ಆದಿತ್ಯವಾರ ಅದನ್ನು ತಿರಿಗಿ ಹಿಂದಕ್ಕೆ ಇಡುತ್ತಾರೆ. ಊರೆಲ್ಲಾ ನಿದ್ರಿಸುತ್ತಿರುವಾಗ ಒಂದು ತಾಸು ಕಳೆದುಹೋಗಿತ್ತು. ನಮಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ನಮ್ಮ ರೈಲು ಹೋಗಿ ಬಹಳ ಹೊತ್ತಾಗಿತ್ತು. ಮುಂದಿನ ರೈಲು ಸಹ ತಡವಾಗಿಯೇ ಬಂತು.

ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಪೂರ್ವಕಾಲದಲ್ಲಿ ಬಾಸೆಲ್ ಪಟ್ಟಣದ ಗಡಿಯಾರಗಳು ಸುತ್ತಣ ಊರುಗಳ ಗಡಿಯಾರಗಳಿಗಿಂತ ಒಂದು ತಾಸು ಮುಂದಾಗಿ ನಡೆಯುತ್ತಿದ್ದವು. ನೆರೆಯವರಿಗೆ ಹನ್ನೊಂದಾದಾಗ ಇವರಿಗೆ ಹನ್ನೆರಡು. ಈ ಪದ್ಧತಿ 1798ರಲ್ಲಿ ನಿಂತಿತು. ತಮ್ಮ ಗಡಿಯಾರವೇ ಸರಿ ಎಂದು ನಂಬುವವರು ಎಲ್ಲಾ ಕಾಲದಲ್ಲಿಯೂ ಇದ್ದಾರೆ. ಆ ಬೆಳಿಗ್ಗೆ ನಿಲ್ದಾಣದಲ್ಲಿ ನಿಂತಿದ್ದ ನಾವೂ ಅವರಲ್ಲಿ ಒಬ್ಬರು.

ಮುಂದೆ ಕೇಳಿರಿ. ಬಾಸೆಲ್ ಪಟ್ಟಣವು ಸ್ವಿಸ್, ಜರ್ಮನಿ, ಫ್ರಾನ್ಸ್ ಎಂಬ ಮೂರು ದೇಶಗಳು ಕೂಡುವ ಮೂಲೆಯಲ್ಲಿದೆ. ರೈನ್ ಎಂಬ ದೊಡ್ಡ ಹೊಳೆಯು ಅದರ ನಡುವೆ ಹರಿಯುತ್ತದೆ. ಹೊಳೆಯ ಬಲದಂಡೆಯಲ್ಲಿ ಜರ್ಮನ್ ರೈಲುಗಳ ನಿಲ್ದಾಣ ಒಂದು. ಎಡದಂಡೆಯಲ್ಲಿ ಸ್ವಿಸ್ ನಿಲ್ದಾಣ ಇನ್ನೊಂದು. ನಾವು ಬಾಸೆಲ್ ಎಂಬ ಹೆಸರನ್ನು ಹಲಗೆಯ ಮೇಲೆ ಕಂಡ ಕೂಡಲೆ ಮೊದಲನೆಯದರಲ್ಲಿಯೇ ಇಳಿದುಬಿಟ್ಟೆವು. ನಮ್ಮನ್ನು ಕಾಯುತ್ತಿದ್ದವರು ಹೊಳೆಯ ಆಚೆಯ ನಿಲ್ದಾಣದಲ್ಲಿದ್ದರು. ಇದು ನಮಗೆ ತಿಳಿದದ್ದು ಒಂದು ತಾಸು ಕಾದ ಮೇಲೆ. ಅಷ್ಟರಲ್ಲಿ ಆರಾಧನೆಯು ಮುಗಿದುಹೋಗಿತ್ತು. ಟ್ರಾಮ್ ಗಾಡಿಯಲ್ಲಿ ಹೋಗೋಣವೆಂದರೆ ಟಿಕೇಟಿನ ಯಂತ್ರವು ನಮ್ಮ ಬ್ಯಾಂಕಿನ ಕಾರ್ಡನ್ನು ಮೂರು ಸಾರಿ ನುಂಗಿ ಮೂರು ಸಾರಿ ಉಗುಳಿತು. ಸಣ್ಣ ನಾಣ್ಯ ನಮ್ಮಲ್ಲಿ ಇರಲಿಲ್ಲ. ಆದಕಾರಣ ನಡೆದೇ ಹೊರಟೆವು. ಮಳೆ ಬಂತು. ಕೊಡೆ ಫ್ರೈಬುರ್ಗಿನ ಕೋಣೆಯಲ್ಲಿತ್ತು. ನಾವು ಬೀದಿಯ ಮೂಲೆಯಲ್ಲಿ ದಿಕ್ಕು ತಿಳಿಯದೆ ನಿಂತದ್ದನ್ನು ಕಂಡು ಒಬ್ಬ ಮುದುಕಿ ನಿಂತು ತನ್ನ ಭಾಷೆಯಲ್ಲಿ ಏನೋ ಹೇಳತೊಡಗಿದಳು. ಆಕೆಯ ಮಾತು ಮುಗಿಯುವ ಮೊದಲೇ ನಾವು ಕೈಬೀಸಿ ಮುಂದೆ ನಡೆದೆವು. ಆಕೆ ಹೇಳಿದ ದಾರಿಯೇ ಸರಿಯಾದ ದಾರಿಯಾಗಿತ್ತೆಂದು ಆಮೇಲೆ ತಿಳಿಯಿತು.

ಹೀಗೆ ಹೊಳೆಯ ದಂಡೆಗೆ ಬಂದೆವು. ಆಚೆಯ ದಡದಲ್ಲಿ, ಎತ್ತರವಾದ ದಿಬ್ಬದ ಮೇಲೆ, ಕೆಂಪು ಕಲ್ಲಿನ ಹಳೆಯ ದೇವಾಲಯವು ತನ್ನ ಎರಡು ಗೋಪುರಗಳೊಂದಿಗೆ ಕಾಣುತ್ತಿತ್ತು. ಹೋಗಬೇಕಾದ ಊರು ಕಣ್ಣ ಮುಂದೆಯೇ ಇದೆ, ನಡುವೆ ಹೊಳೆ. ಒದ್ದೆಯಾದ ಒಂದು ಬೆಂಚಿನ ಮೇಲೆ ಕೂತೆವು. ಆಗ ನಮ್ಮ ಹೃದಯದಲ್ಲಿ ಇದ್ದದ್ದನ್ನು ಹೇಳುವದಕ್ಕೆ ನಾಚಿಕೆಯಾಗುತ್ತದೆ. ಪ್ರಾರ್ಥನೆ ಇರಲಿಲ್ಲ. ಗೊಣಗಾಟವಿತ್ತು. ನಿನ್ನ ಆರಾಧನೆಗೆ ಬರುವವನಿಗೆ ಈ ಗತಿಯೋ ಎಂದು ದೇವರನ್ನೇ ಕೇಳುವ ಮನಸ್ಸಿತ್ತು. ಆ ಸಿಟ್ಟಿನಲ್ಲಿಯೇ ಎದ್ದು ದಂಡೆಯ ಮೇಲೆ ದಡದಡನೆ ನಡೆದೆವು.

ಸ್ವಲ್ಪ ದೂರ ಹೋದಾಗ ಹಿಂದಿನಿಂದ ಯಾರೋ ಕೂಗುವದನ್ನೂ ಓಡಿಬರುವದನ್ನೂ ಕೇಳಿ ತಿರುಗಿದೆವು. ಒಬ್ಬ ಕಪ್ಪು ಬಣ್ಣದ ಯೌವನಸ್ಥನು ನಮ್ಮ ಕಡೆಗೆ ಓಡಿಬರುತ್ತಿದ್ದನು. ಅವನ ಕೈಯಲ್ಲಿ ನಮ್ಮ ಚೀಲವಿತ್ತು. ಪಾಸ್‌ಪೋರ್ಟು, ಹಣ, ಸತ್ಯವೇದ, ವಿಳಾಸದ ಪುಸ್ತಕ, ಎಲ್ಲವೂ ಅದರಲ್ಲಿಯೇ. ನಾವು ಆಲೋಚಿಸಲಿಲ್ಲ. ಕಳ್ಳ, ಕಳ್ಳ ಎಂದು ಗಟ್ಟಿಯಾಗಿ ಕೂಗಿದೆವು; ಮೊದಲು ಕನ್ನಡದಲ್ಲಿ, ಆ ಮೇಲೆ ಇಂಗ್ಲಿಷಿನಲ್ಲಿ. ದಂಡೆಯ ಮೇಲೆ ಹೋಗುತ್ತಿದ್ದವರು ನಿಂತು ನೋಡಿದರು. ಆ ಹುಡುಗನು ಅಲ್ಲಿಯೇ ನಿಂತನು. ಚೀಲವನ್ನು ಮೆಲ್ಲಗೆ ನಮ್ಮ ಕಾಲ ಬಳಿ ಇಟ್ಟು, ಎರಡೂ ಕೈಗಳನ್ನು ಮೇಲಕ್ಕೆ ಎತ್ತಿ, ಎರಡು ಹೆಜ್ಜೆ ಹಿಂದಕ್ಕೆ ಸರಿದನು. ಆಮೇಲೆ ದೂರದ ಬೆಂಚನ್ನು ಬೆರಳಿನಿಂದ ತೋರಿಸಿದನು.

ಪ್ರಿಯರೇ, ಚೀಲವನ್ನು ಮರೆತವರು ನಾವು. ಅದನ್ನು ತಂದುಕೊಟ್ಟವನು ಅವನು. ಕಳ್ಳನ ಹೆಸರು ಬಂದದ್ದು ಅವನಿಗೆ. ಅವನು ಕೈಗಳನ್ನು ಎತ್ತಿದ ರೀತಿಯನ್ನು ನಾವು ಇಂದಿಗೂ ಮರೆತಿಲ್ಲ. ಇಂಥ ಕೂಗಿಗೆ ಹೇಗೆ ನಿಲ್ಲಬೇಕೆಂಬದು ಅವನಿಗೆ ಮೊದಲೇ ಗೊತ್ತಿತ್ತು. ಅಂದರೆ ಇದು ಅವನಿಗೆ ಮೊದಲನೆಯ ಸಾರಿ ಆಗಿರಲಿಲ್ಲ.

ನಾವು ಕ್ಷಮೆ ಕೇಳಿದೆವು. ಮಾತು ಸರಿಯಾಗಿ ಹೊರಡಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, ನಮ್ಮ ಒದ್ದೆಯಾದ ಪಾದರಕ್ಷೆಗಳನ್ನು ಕಂಡು, ಎಲ್ಲಿಗೆ ಹೋಗಬೇಕೆಂದು ಹರಕು ಮುರುಕು ಇಂಗ್ಲಿಷಿನಲ್ಲಿ ವಿಚಾರಿಸಿದನು. ನಮ್ಮ ಪುಸ್ತಕದಲ್ಲಿದ್ದ ಅಂಕೆಗಳನ್ನು ನೋಡಿ ತನ್ನ ಫೋನಿನಿಂದ ಆ ವೃದ್ಧ ದಂಪತಿಗಳಿಗೆ ಮಾತಾಡಿಸಿದನು. ದೇವಾಲಯದ ಬಳಿಗೆ ಬಂದು ಕರಕೊಂಡು ಹೋಗುವೆವು ಎಂದು ಅವರು ಹೇಳಿದರು. ಹಾಗಾದರೆ ದೋಣಿಯಲ್ಲಿ ಬನ್ನಿ ಎಂದು ಅವನು ನಮ್ಮನ್ನು ನೀರಿನ ಬಳಿಗೆ ಇಳಿಸಿ, ಇಬ್ಬರ ಕೇವನ್ನೂ ತಾನೇ ಕೊಟ್ಟನು.

ಆ ದೋಣಿಯ ಸಂಗತಿಯನ್ನು ನೀವು ಗಮನಿಸಬೇಕು. ಬಾಸೆಲಿನಲ್ಲಿ ಇಂಥ ದೋಣಿ ಮೊದಲು ನಡೆದದ್ದು 1854ರಲ್ಲಿ. ಈಗ ನಾಲ್ಕು ಉಂಟು. ಅವುಗಳಿಗೆ ಯಂತ್ರವಿಲ್ಲ, ಹುಟ್ಟಿಲ್ಲ, ಹಾಯಿಯಿಲ್ಲ. ಹೊಳೆಗೆ ಅಡ್ಡವಾಗಿ, ದಡದಿಂದ ದಡಕ್ಕೆ, ತಲೆಯ ಮೇಲೆ ಒಂದು ಉಕ್ಕಿನ ಹಗ್ಗವನ್ನು ಬಿಗಿದಿದ್ದಾರೆ. ದೋಣಿಯಿಂದ ಇನ್ನೊಂದು ಹಗ್ಗವು ಮೇಲಕ್ಕೆ ಹೋಗಿ ಒಂದು ರಾಟೆಯ ಮೂಲಕ ಅದಕ್ಕೆ ಸೇರಿರುತ್ತದೆ. ದೋಣಿಗಾರನು ದೋಣಿಯ ಮೋರೆಯನ್ನು ಪ್ರವಾಹಕ್ಕೆ ಸ್ವಲ್ಪ ಓರೆಯಾಗಿ ತಿರುಗಿಸುತ್ತಾನೆ, ಅಷ್ಟೇ. ಹೊಳೆಯು ತಳ್ಳುತ್ತದೆ, ಹಗ್ಗವು ಬಿಡುವದಿಲ್ಲ. ಕೆಳಕ್ಕೆ ಕೊಚ್ಚಿಕೊಂಡು ಹೋಗಬೇಕಾದ ದೋಣಿಯು ಅಡ್ಡವಾಗಿ ಸರಿಯುತ್ತಾ ಆಚೆಯ ದಡವನ್ನು ಸೇರುತ್ತದೆ. ತುಂಗಭದ್ರೆಯಲ್ಲಿ ಹರಿಗೋಲು ಹಾಕುವವರಿಗೂ ನೇತ್ರಾವತಿಯಲ್ಲಿ ದೋಣಿ ನಡಿಸುವವರಿಗೂ ಪ್ರವಾಹದೊಂದಿಗೆ ಹೋರಾಡುವದು ಏನೆಂದು ಗೊತ್ತು. ಇಲ್ಲಿಯೋ ಪ್ರವಾಹವೇ ಕೂಲಿಯಾಳು. ಆದರೆ ಹಗ್ಗ ಕಡಿದುಹೋದರೆ ಅದೇ ಪ್ರವಾಹವು ಯಜಮಾನನಾಗುವದು.

ನೀರಿನ ಸದ್ದನ್ನು ಬಿಟ್ಟು ಬೇರೆ ಸದ್ದಿಲ್ಲದ ಆ ದೋಣಿಯಲ್ಲಿ ಅವನು ತನ್ನ ಕಥೆಯನ್ನು ಹೇಳಿದನು. ಅವನ ದೇಶವು ಆಫ್ರಿಕ ಖಂಡದ ಎರಿತ್ರಿಯ. ಅಲ್ಲಿಂದ ಕಾಲ್ನಡೆಯಲ್ಲಿಯೂ ಲಾರಿಯಲ್ಲಿಯೂ ಮರಳುಕಾಡನ್ನು ದಾಟಿ, ಲಿಬಿಯದಲ್ಲಿ ಸೆರೆಯನ್ನೂ ಪೆಟ್ಟನ್ನೂ ತಿಂದು, ತುಂಬಿ ತುಳುಕುವ ಒಂದು ದೋಣಿಯಲ್ಲಿ ಇತಾಲ್ಯಕ್ಕೆ ಬಂದಿದ್ದನು. ದೋಣಿ ಹತ್ತಿದವರೆಲ್ಲರೂ ದಡ ಮುಟ್ಟಲಿಲ್ಲ ಎಂದಷ್ಟೇ ಹೇಳಿ ನೀರನ್ನು ನೋಡುತ್ತಾ ಕೂತನು. ಮೊದಲನೆಯ ದಿನ ಬರಿಗಾಲಲ್ಲಿ ನಿಂತಿದ್ದಾಗ, ಭಾಷೆ ತಿಳಿಯದ ಒಬ್ಬ ಹೆಂಗಸು ತನ್ನ ಮಗನ ಬೂಟುಗಳನ್ನು ತಂದುಕೊಟ್ಟಳಂತೆ. ಆ ದಿನದಿಂದ ದಾರಿ ತಪ್ಪಿದವರಂತೆ ಯಾರಾದರೂ ಕಂಡರೆ ತಾನು ಸ್ವಲ್ಪ ದೂರ ಹಿಂದೆಯೇ ಹೋಗಿ ನೋಡುವದುಂಟು ಎಂದನು. ನಾವು ಬೆಂಚಿನಿಂದ ಎದ್ದಾಗ ಅವನು ನಮ್ಮನ್ನು ನೋಡುತ್ತಿದ್ದದ್ದು ಅದಕ್ಕಾಗಿಯೇ.

ಅವನೂ ಕ್ರೈಸ್ತನು, ಅವನ ನಾಡಿನಲ್ಲಿ ಸುವಾರ್ತೆಯು ಬಹು ಪುರಾತನ ಕಾಲದಿಂದ ಇದೆ. ಆ ಬೆಳಿಗ್ಗೆ ಆರಾಧನೆ ತಪ್ಪಿತೆಂದು ನಾವು ಹೇಳಿದಾಗ, ನಿಮ್ಮ ಭಾಷೆಯಲ್ಲಿ ಪ್ರಾರ್ಥಿಸಿರಿ, ನನ್ನ ಭಾಷೆಯಲ್ಲಿ ನಾನು ಪ್ರಾರ್ಥಿಸುತ್ತೇನೆ ಎಂದನು. ಹಾಗೆಯೇ ಮಾಡಿದೆವು. ಅವನ ತಿಗ್ರಿನ್ಯ ಭಾಷೆ ನಮಗೆ ತಿಳಿಯಲಿಲ್ಲ, ನಮ್ಮ ಕನ್ನಡ ಅವನಿಗೆ ತಿಳಿಯಲಿಲ್ಲ. ದೋಣಿ ದಡಕ್ಕೆ ತಗಲುವಷ್ಟರಲ್ಲಿ ಇಬ್ಬರೂ ಆಮೆನ್ ಎಂದೆವು. ಆ ಒಂದು ಮಾತು ಇಬ್ಬರಿಗೂ ತಿಳಿಯಿತು.

ಈಗ ವೇದಭಾಗಕ್ಕೆ ಬರೋಣ. ಹಡಗು ಒಡೆದು, ನೆನೆದು, ನಡುಗುತ್ತಾ ಬಂದ 276 ಮಂದಿಯನ್ನು ಮೆಲೀತೆಯ ಜನರು ಹೇಗೆ ಸೇರಿಸಿಕೊಂಡರು? ಅವರು ಬೇರೆ ಭಾಷೆಯವರು. ಕರ್ತನ ಹೆಸರನ್ನು ಕೇಳದವರು. ಬಂದವರಲ್ಲಿ ಸಿಪಾಯಿಗಳಿದ್ದರು, ಸೆರೆಯವರಿದ್ದರು. ಆದಾಗ್ಯೂ ಮಳೆಯನ್ನೂ ಚಳಿಯನ್ನೂ ಕಂಡು ಅವರು ಮೊದಲು ಬೆಂಕಿ ಹೊತ್ತಿಸಿದರು. ಆಮೇಲೆ ಪೌಲನ ಕೈಗೆ ಹಾವು ಸುತ್ತಿಕೊಂಡಾಗ, ಇವನು ಕೊಲೆಗಾರನೇ ಇರಬೇಕೆಂದು ತಮ್ಮೊಳಗೆ ಆಡಿಕೊಂಡರು. ಅವರ ತೀರ್ಪು ತಪ್ಪಾಗಿತ್ತು. ಆದರೆ ಅವರ ಬೆಂಕಿಯು ತೀರ್ಪಿಗಿಂತ ಮೊದಲೇ ಉರಿಯುತ್ತಿತ್ತು. ನಮ್ಮಲ್ಲಿಯೋ ತೀರ್ಪು ಮೊದಲು ಬಂತು, ಬೆಂಕಿಯನ್ನು ನಾವು ಹೊತ್ತಿಸಲೇ ಇಲ್ಲ. ನೂರಾರು ಸಾರಿ ಈ ಅಧ್ಯಾಯವನ್ನು ಓದಿದವರು ನಾವು. ಅದರಂತೆ ನಡೆದವನು ಆ ಹುಡುಗನು.

ಇನ್ನೊಂದು ಮಾತನ್ನು ಎಚ್ಚರಿಕೆಯಿಂದ ಹೇಳಬೇಕು. ಇವನನ್ನು ಸಂಧಿಸುವದಕ್ಕಾಗಿಯೇ ದೇವರು ನಮ್ಮ ರೈಲನ್ನು ತಪ್ಪಿಸಿದನು, ಮಳೆಯನ್ನು ಸುರಿಸಿದನು ಎಂದು ಹೇಳುವದು ಸುಲಭ, ಕೇಳುವದಕ್ಕೂ ಹಿತ. ಆದರೆ ಹಾಗೆ ಹೇಳುವದಕ್ಕೆ ನಮಗೆ ಧೈರ್ಯ ಸಾಲದು. 2013ರ ಅಕ್ಟೋಬರ್ 3ರಂದು, ಇತಾಲ್ಯಕ್ಕೆ ಸೇರಿದ ಲಾಂಪೆದೂಸ ಎಂಬ ದ್ವೀಪದ ಬಳಿಯಲ್ಲಿ ಒಂದೇ ದೋಣಿ ಮುಳುಗಿ 360ಕ್ಕಿಂತ ಹೆಚ್ಚು ಮಂದಿ ಸತ್ತರು. ಅವರಲ್ಲಿ ಬಹುಜನರು ಎರಿತ್ರಿಯದವರು. ಪೌಲನ ಹಡಗು ಒಡೆದದ್ದೂ ಅದೇ ಸಮುದ್ರದಲ್ಲಿ. ಅವನ ಹಡಗಿನವರೆಲ್ಲರೂ ಬದುಕಿದರು, ಇವರು ಬದುಕಲಿಲ್ಲ. ಯಾಕೆ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ನಮ್ಮ ನೆನೆದ ಕಾಲಿಗೆ ದೇವರ ಆಲೋಚನೆಯಲ್ಲಿ ಒಂದು ಕಾರಣವನ್ನು ಹುಡುಕಿ ಕೊಂಡಾಡುವವರು ಆ ತಾಯಂದಿರ ಮುಂದೆ ಏನು ಹೇಳುವರು?

ನಾವು ಕಲಿತದ್ದು ಅದಕ್ಕಿಂತ ಚಿಕ್ಕದು. ಪ್ರವಾಹವು ಎಲ್ಲರನ್ನೂ ತಳ್ಳುತ್ತದೆ. ನಂಬಿಕೆಯುಳ್ಳವನಿಗೆ ರೈಲು ತಪ್ಪುವದಿಲ್ಲವೆಂದಾಗಲಿ, ಬೆಳೆ ಒಣಗುವದಿಲ್ಲವೆಂದಾಗಲಿ, ಮಗುವಿಗೆ ಜ್ವರ ಬರುವದಿಲ್ಲವೆಂದಾಗಲಿ ಕರ್ತನು ಎಲ್ಲಿಯೂ ವಾಗ್ದಾನ ಮಾಡಲಿಲ್ಲ. ತಳ್ಳುವಾಗ ಹಗ್ಗ ಇದೆಯೋ ಇಲ್ಲವೋ ಎಂಬದೇ ಪ್ರಶ್ನೆ. ಹಗ್ಗವುಳ್ಳವನನ್ನು ಕಷ್ಟವು ನೆರೆಯವನ ದಡಕ್ಕೆ ಸೇರಿಸುತ್ತದೆ. ಹಗ್ಗ ಬಿಟ್ಟವನನ್ನು ಅದೇ ಕಷ್ಟವು ಗೊಣಗಾಟಕ್ಕೂ ಸಿಟ್ಟಿಗೂ ಕಡೆಗೆ ಸುಳ್ಳು ಸಾಕ್ಷಿಗೂ ಕೊಚ್ಚಿಕೊಂಡು ಹೋಗುತ್ತದೆ. ಮರಳುಕಾಡಿನ ಬಾಧೆಯು ಆ ಹುಡುಗನನ್ನು ದಾರಿ ತಪ್ಪಿದವರ ಹಿಂದೆ ನಡೆಯುವಂತೆ ಮಾಡಿತು. ಒಂದು ಬೆಳಗಿನ ಮಳೆಯು ನಮ್ಮನ್ನು ನಿರಪರಾಧಿಯ ಮೇಲೆ ಕೂಗುವಂತೆ ಮಾಡಿತು. ಪ್ರವಾಹವು ಅವನಿಗೇ ಹೆಚ್ಚು ಬಲವಾಗಿತ್ತು. ಹಗ್ಗವನ್ನು ಬಿಟ್ಟವರು ನಾವು.

ಈ ಮಾತು ಬಾಸೆಲಿನಲ್ಲಿಯೇ ನಿಲ್ಲಬಾರದು. 1834ರಲ್ಲಿ ಮಂಗಳೂರಿಗೆ ಬಂದ ಆ ಮೂವರನ್ನು ನೆನಸಿರಿ. ಸುವೇಜ್ ಕಾಲುವೆ ತೆರೆದದ್ದು 1869ರಲ್ಲಿ. ಅವರು ಬಂದದ್ದು ಅದಕ್ಕೂ ಬಹಳ ಮೊದಲು. ನಮ್ಮ ಭಾಷೆ ಅವರಿಗೆ ಗೊತ್ತಿರಲಿಲ್ಲ. ನೀರು, ಅನ್ನ, ದಾರಿ ಎಂಬ ಮಾತುಗಳನ್ನು ಅವರಿಗೆ ಕಲಿಸಿದವರು ನಮ್ಮ ಜನರೇ. ಕಿತ್ತೆಲ್ ಪಂಡಿತರ ದೊಡ್ಡ ಕನ್ನಡ ನಿಘಂಟು 1894ರಲ್ಲಿ ಅಚ್ಚಾಯಿತು. ಪರದೇಶಿಯೊಬ್ಬನು ಕೇಳಿದಾಗ ಬೇಸರವಿಲ್ಲದೆ ಉತ್ತರ ಹೇಳಿದ ಕನ್ನಡಿಗರಿಲ್ಲದೆ ಅಂಥ ಪುಸ್ತಕವು ಹೇಗೆ ಆದೀತು? ಅವರೆಲ್ಲರ ಹೆಸರುಗಳು ನಮಗೆ ತಿಳಿಯವು. ದೇವರಿಗೆ ತಿಳಿದಿವೆ.

ಈಗ ನಮ್ಮ ಊರುಗಳ ಬಸ್ಸು ನಿಲ್ದಾಣಗಳನ್ನು ನೋಡಿರಿ. ಅಸ್ಸಾಮಿನಿಂದಲೂ ಬಿಹಾರದಿಂದಲೂ ಒಡಿಶಾದಿಂದಲೂ ಬಂದ ಕೂಲಿಯವರು, ಕಾಫಿ ತೋಟಕ್ಕೋ ಕಟ್ಟಡದ ಕೆಲಸಕ್ಕೋ ಹೋಗುವವರು, ಹಲಗೆಯ ಮೇಲಿನ ಕನ್ನಡವನ್ನು ಓದಲಾರದೆ ಗಂಟುಮೂಟೆಗಳೊಂದಿಗೆ ನಿಂತಿರುತ್ತಾರೆ. ಬಸ್ಸು ತಪ್ಪಿದ ಸಿಟ್ಟು ಅವರಿಗೂ ಉಂಟು. ಅದನ್ನು ಹೇಳಿಕೊಳ್ಳುವದಕ್ಕೆ ಭಾಷೆಯಿಲ್ಲ. ಕೇರಿಯಲ್ಲಿ ಒಂದು ಕೋಳಿ ಕಾಣದೆ ಹೋದರೂ ಮೊದಲು ಯಾರ ಗುಡಿಸಲಿನ ಕಡೆಗೆ ನೋಡುತ್ತೇವೆ? ಪ್ರಿಯರೇ, ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಮಂದಿ ಊರಬಾವಿಯ ಹತ್ತಿರ ಕೊಡ ಹಿಡಿದು, ಯಾರಾದರೂ ನೀರು ಹೊಯ್ದಾರೋ ಎಂದು ದೂರದಲ್ಲಿ ಕಾದು ನಿಂತವರು. ಏನು ಕಳೆದರೂ ಮೊದಲು ಬೈಸಿಕೊಂಡವರು. ಕೈಗಳನ್ನು ಎತ್ತಿ ಹಿಂದಕ್ಕೆ ಸರಿದು ನಿಲ್ಲುವದು ಏನೆಂದು ಅವರು ಬಲ್ಲವರು. ಅವರ ಮೊಮ್ಮಕ್ಕಳಾದ ನಾವು ಇನ್ನೊಬ್ಬನ ಕೈಗಳನ್ನು ಎತ್ತಿಸಬಹುದೋ?

ಆ ದಡದ ಮೆಟ್ಟಲುಗಳನ್ನು ಹತ್ತಿ ದೇವಾಲಯದ ಬಳಿಗೆ ಬಂದಾಗ ವೃದ್ಧ ದಂಪತಿಗಳು ಕೊಡೆ ಹಿಡಿದು ನಿಂತಿದ್ದರು. ದೋಣಿಯ ಕೇವನ್ನಾದರೂ ಕೊಡೋಣವೆಂದು ನಾವು ಚೀಲವನ್ನು ತೆರೆದೆವು. ಆ ಹುಡುಗನು ತೆಗೆದುಕೊಳ್ಳಲಿಲ್ಲ. ಅವನು ತಿರಿಗಿ ದೋಣಿಗೆ ಇಳಿದು ತಾನು ಬಂದ ದಡಕ್ಕೇ ಹೋದನು. ಅವನಿಗೆ ಈಚೆಯ ದಡದಲ್ಲಿ ಕೆಲಸವೇ ಇರಲಿಲ್ಲವೆಂದು ಆಗಲೇ ನಮಗೆ ಗೊತ್ತಾದದ್ದು.

ಈ ತಿಂಗಳು ನಿಮ್ಮಲ್ಲಿ ಪ್ರತಿಯೊಬ್ಬರೂ ಒಂದು ಕೆಲಸವನ್ನು ಮಾಡಿರೆಂದು ಬೇಡಿಕೊಳ್ಳುತ್ತೇವೆ. ನಿಮ್ಮ ಊರಿಗೆ ಬಂದ ಒಬ್ಬ ಪರಸ್ಥಳದವನ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ. ಅವನಿಗೆ ದಾರಿ ಬೇಕಾದರೆ ಬೆರಳಿನಿಂದ ತೋರಿಸಿ ಬಿಡದೆ ಸ್ವಲ್ಪ ದೂರ ಜೊತೆಗೆ ನಡೆಯಿರಿ. ನಮ್ಮ ಬಾಯಿಂದ ಹೊರಟ ಆ ಕೂಗನ್ನು ಹಿಂದಕ್ಕೆ ತೆಗೆದುಕೊಳ್ಳಲು ನಮ್ಮಿಂದಾಗದು. ಮುಂದಿನ ಸಾರಿ ಬಾಯಿ ತೆರೆಯುವ ಮೊದಲು ಹಗ್ಗವನ್ನು ಹಿಡಿದುಕೊಳ್ಳುವ ಕೃಪೆಯನ್ನು ಕರ್ತನು ನಮಗೂ ನಿಮಗೂ ಅನುಗ್ರಹಿಸಲಿ. ಆಮೆನ್.